ಡೈರಿ ಗೋಡೆಯ ಮೇಲೆ ಸಿನಿಮಾ ನೋಡಿದ ಅಪರಾಧ

ಬೆಳಗ್ಗೆಯಿಂದ ನಿಮ್ಮ ಕಚೇರಿಯವರು ಫೋನ್ ಕಟ್ ಮಾಡಿದ್ದನ್ನು ಸಹಿಸಿಕೊಂಡೆ, ಮಾನ್ಯ ಚಿತ್ರೋತ್ಸವ ನಿರ್ದೇಶಕರೇ. ಗೋಡೌನಿನಲ್ಲಿ ಮೇಸ್ತ್ರಿ, "ನೀನು ಫೋನ್ ಹಿಡ್ಕೊಂಡು ನಿಂತಿರಪ್ಪ, ಕೊಬ್ಬರಿ ಮೂಟೆ ತಾನೇ ಲಾರಿ ಹತ್ಕೊತದೆ" ಅಂದದ್ದನ್ನೂ ಸಹಿಸಿಕೊಂಡೆ. ಆದರೆ ಶಿವರುದ್ರಮ್ಮನವರನ್ನು ನೀವು ಕಳ್ಳಿ ಮಾಡಿದ್ದನ್ನು ಸಹಿಸಲಾರೆ. ಕೂತು ಬರೆಯಲು ಪುರುಸೊತ್ತಿಲ್ಲ, ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ನಿಮಗೊಬ್ಬರಿಗೇ ಕಳಿಸಿದರೆ ಕೇಳುವುದಿಲ್ಲ, ಫೇಸ್‌ಬುಕ್ಕಿಗೇ ಹಾಕುತ್ತೇನೆ, ಊರೆಲ್ಲ ಕೇಳಲಿ.

ಅವರು ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ನೀವು ಸಿನಿಮಾ ಆಯ್ಕೆ ಮಾಡುವವರು, ನೋಡುವವರಲ್ಲ. ಹೆಬ್ಬೂರು ಬಸ್ ಸ್ಟಾಪಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವವರು ಅವರು. ಕೊಪ್ಪಳದ ಕಡೆಯಿಂದ ಕೂಲಿಗೆ ಬಂದ ನಾನು ಲಾಕ್‌ಡೌನಿನಲ್ಲಿ ಇಲ್ಲೇ ಸಿಕ್ಕಿಕೊಂಡಾಗ ನನಗೆ ಮುದ್ದೆ ಹಾಕಿದವರು. ಬಸ್ಸೇ ಬರದ ರಸ್ತೆಯಲ್ಲಿ ದಿನಾ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಅವರನ್ನು ನನ್ನ ಮೊಬೈಲಿನಲ್ಲಿ ಹಿಡಿದೆ. ನಿಮ್ಮ ಸ್ವತಂತ್ರ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಆಯ್ಕೆಯಾದ ಕಿರುಚಿತ್ರ ಅದೇ.

ಕೊರೊನಾ ಕಾರಣಕ್ಕೆ ಉತ್ಸವ ಆನ್‌ಲೈನ್ ಆಯಿತು. ಪುಸ್ತಕದ ಕಪಾಟಿನ ಮುಂದೆ ಕೂತು ನೀವು, "ಈ ಸಲ ಜಗತ್ತಿನ ಪ್ರತಿ ಮನೆಯೂ ನಮ್ಮ ಥಿಯೇಟರ್" ಎಂದು ಭಾಷಣ ಮಾಡಿದಿರಿ. ನಮ್ಮ ತಪ್ಪೆಂದರೆ, ನಿಮ್ಮ ಮಾತನ್ನು ನಂಬಿದ್ದು.

"ಎಲ್ಲಿ ತೋರ್ಸ್ತಾರಂತೆ ಮಗಾ?" ಎಂದು ಶಿವರುದ್ರಮ್ಮ ಕೇಳಿದರು.

"ಮನೇಲೇ ಅವ್ವಾ. ಎಲ್ರೂ ಅವರವರ ಮನೇಲಿ ಫೋನ್‌ನಾಗ ನೋಡೋದು."

"ಮನೇಲಾ? ಹಂಗಾರೆ ಕರೀಬೇಕಲ್ಲ. ಮನೇಲಿ ಕಾರ್ಯ ಇಟ್ಕೊಂಡು ಕರೀದಿದ್ರೆ ಜನ ಏನಂದಾರು?"

ಮಾಸ್ಕ್ ಹಾಕಿಕೊಂಡು, ಅರಿಶಿನ ಕುಂಕುಮದ ಬಟ್ಟಲು ಹಿಡಿದು, ಬೀದಿಯ ಪ್ರತಿ ಬಾಗಿಲಿಗೂ ಹೋಗಿ ಕರೆದು ಬಂದರು. ಡೈರಿ ಸೆಕ್ರೆಟರಿ ಮಹಾಲಿಂಗಯ್ಯನವರು, "ಕರೆಯೋದೇನೋ ಕರ್ದೆ ಕಣಕ್ಕ, ಕೂರ್ಸೋದೆಲ್ಲಿ? ನಿನ್ನ ಮನೇಲಿ ಬೆಕ್ಕು ಮಲಗಕ್ಕೂ ಜಾಗಿಲ್ಲ" ಅಂದು ಡೈರಿಯ ಬಿಳಿ ಗೋಡೆಯನ್ನೇ ಬಿಟ್ಟುಕೊಟ್ಟರು. ಅದರ ಮುಂದೆ ಹಾಲು ಹಾಕುವವರು ದೂರ ದೂರ ನಿಲ್ಲಲೆಂದು ಬಳಿದ ಸುಣ್ಣದ ಚೌಕಗಳಿದ್ದವು. ಒಂದೊಂದು ಚೌಕದಲ್ಲಿ ಒಬ್ಬೊಬ್ಬರು ಕೂತರು. ಬಾಡಿಗೆಗೆ ತಂದ ಪ್ರೊಜೆಕ್ಟರಿಗೆ ನನ್ನ ಫೋನು ಸಿಕ್ಕಿಸಿ ಗೋಡೆಗೆ ಬಿಟ್ಟೆ. ಸರ್ಕಾರದ ನಿಯಮ ನಾವು ಮುರಿಯಲಿಲ್ಲ ಸ್ವಾಮಿ. ಮುರಿದದ್ದು ನಿಮ್ಮದನ್ನು.

ಗೋಡೆಯ ಮೇಲೆ ತಮ್ಮ ಮುಖ ಕಂಡಾಗ ಶಿವರುದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಇಷ್ಟ್ ದಪ್ಪ ಇದೀನಾ ನಾನು?" ಅಂದರು. ಬೀದಿಯೆಲ್ಲ ನಕ್ಕಿತು. ಅದರ ಫೋಟೋ ಹಾಕಿ ನಿಮಗೆ ಧನ್ಯವಾದ ಹೇಳಿದವನು ನಾನೇ. ನೀವು ಖುಷಿಪಡುತ್ತೀರಿ ಅಂದುಕೊಂಡಿದ್ದೆ.

ಒಂದು ಆನ್‌ಲೈನ್ ಪಾಸಿಗೆ ಒಬ್ಬನೇ ವೀಕ್ಷಕ, ಇದು ಅನುಮತಿಯಿಲ್ಲದ ಸಾರ್ವಜನಿಕ ಪ್ರದರ್ಶನ ಎಂದು ಮರುದಿನವೇ ಚಿತ್ರವನ್ನು ಕಿತ್ತುಹಾಕಿದಿರಿ. ಜನರನ್ನು ಸೇರಿಸಿದ್ದು ಯಾರು ಎಂದು ನಿಮ್ಮವರು ಕೇಳಿದರು, ಶಿವರುದ್ರಮ್ಮನವರು ಕುಂಕುಮ ಕೊಟ್ಟು ಕರೆದರೆಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಜನ ಬಂದು ನೋಡಿದ್ದಕ್ಕೆ ಸಿನಿಮಾವನ್ನು ಶಿಕ್ಷಿಸುವ ಉತ್ಸವ ಜಗತ್ತಿನಲ್ಲಿ ಇನ್ನೊಂದಿದೆಯೇ? ನಿಮ್ಮ ಚರ್ಚಾಗೋಷ್ಠಿಗಳನ್ನು ಯಾರೂ ನೋಡುವುದಿಲ್ಲ. ಅವು ನಿಯಮದ ಪ್ರಕಾರ ನಡೆದಿವೆ, ಅಭಿನಂದನೆಗಳು.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಸಮಾರೋಪದಲ್ಲಿ, ಅಲ್ಲಿಯವರೆಗೆ ಇಂಗ್ಲಿಷಿನಲ್ಲಿದ್ದ ನೀವು, ನಗಿಸಬೇಕಾದಾಗ ಮಾತ್ರ ಕನ್ನಡಕ್ಕೆ ಬಂದಿರಿ. "ನಮ್ಮ ಒಬ್ಬ ಹೀರೋಯಿನ್ ಕುಂಕುಮ ಕೊಟ್ಟು ಪೈರಸಿ ಮಾಡಿದರು" ಅಂದಿರಿ. ಪರದೆಯ ಚೌಕಗಳಲ್ಲಿದ್ದ ಗಣ್ಯರೆಲ್ಲ ಹಲ್ಲು ಬಿಟ್ಟರು. ಶಿವರುದ್ರಮ್ಮ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

"ಪೈರಸಿ ಅಂದ್ರೇನ್ಲಾ?"

ಸುಳ್ಳು ಹೇಳಲು ನನಗೆ ಬೇಗ ಹೊಳೆಯಲಿಲ್ಲ. "ಕದ್ದು ತೋರ್ಸೋದು ಅವ್ವಾ."

"ಕದ್ನಾ ನಾನು? ನನ್ನ ಮಖವ ನಾನೇ ಕದ್ನಾ?"

ಮಾರನೆಯ ದಿನ ಅದೇ ಮನೆಗಳ ಬಾಗಿಲಿಗೆ ಹೋಗಿ, "ನಾನು ಕರೀಬಾರ್ದಿತ್ತಂತೆ, ತಪ್ಪಾಯ್ತು, ಹೊಟ್ಟೆಗಾಕ್ಕಳಿ" ಎಂದು ಕೈ ಮುಗಿದು ಬಂದರು. ಈಗ ತುಮಕೂರು ಬಸ್ಸು, ಕುಣಿಗಲ್ ಬಸ್ಸು ಎಲ್ಲ ಓಡುತ್ತಿವೆ. ಅವರು ಸ್ಟಾಪಿಗೆ ಹೋಗುತ್ತಿಲ್ಲ. ಜನರಿಗೆ ಹೇಗೆ ಮುಖ ತೋರಿಸಲಿ ಅನ್ನುತ್ತಾರೆ. ಇದಕ್ಕಿಂತ ದೊಡ್ಡ ಪ್ರಶಸ್ತಿ ನಿಮ್ಮ ಉತ್ಸವ ಯಾರಿಗೂ ಕೊಟ್ಟಿರಲಾರದು.

ಚಿತ್ರವನ್ನು ವಾಪಸ್ ಸೇರಿಸಿ ಎಂದು ಕೇಳುತ್ತಿಲ್ಲ, ಅದು ನಿಮ್ಮಲ್ಲಿ ಇಲ್ಲದಿರುವುದೇ ಅದಕ್ಕೆ ಮರ್ಯಾದೆ. ಶಿವರುದ್ರಮ್ಮನವರಿಗೆ ನೀವೇ ಫೋನ್ ಮಾಡಿ, "ನೀವು ಕದ್ದಿಲ್ಲ ಅಮ್ಮ" ಎಂದು ಹೇಳಬೇಕು. ಅಷ್ಟೇ. ಕನ್ನಡದಲ್ಲೇ ಹೇಳಿ, ನಿಮಗೆ ಬರುತ್ತದೆ ಅಂತ ಎಲ್ಲರೂ ನೋಡಿದ್ದೇವೆ.

ಇಂತಿ,
ನಿಮ್ಮ ಪಟ್ಟಿಯಿಂದ ಉದುರಿದ ನಿರ್ದೇಶಕ, ಸದ್ಯಕ್ಕೆ ಮೂಟೆ ಹೊರುವವನು,
ಬಸವಪ್ರಭು, ಹೆಬ್ಬೂರು

ಅವರ ಹತ್ತಿರ ಫೋನಿಲ್ಲ, ನನ್ನ ನಂಬರಿಗೇ ಮಾಡಿ. ನಾಳೆ ಸಂಜೆ ಏಳು ಗಂಟೆಗೆ ಅವರ ಮನೆಯಲ್ಲೇ ಕೂತಿರುತ್ತೇನೆ.