ಆ ಬಿಳಿ ರುಮಾಲು ನನ್ನದಲ್ಲ

ಸುರಪುರದ ನಿವಾಸಿ, ತತ್ವಪದಗಳ ಹಾಡುಗಾರ, ನನ್ನ ಪ್ರೀತಿಯ ಬಾಷುಮಿಯಾನ ಸನ್ನಿಧಿಗೆ,

ಗೋಗಿ ಗ್ರಾಮದ ತಾಳದ ಅಮರಪ್ಪನು ಕ್ಷೇಮದಿಂದಿದ್ದು ಮಾಡಿಕೊಳ್ಳುವ ಅರಿಕೆ ಏನೆಂದರೆ:

ಶಹಾಪುರದ ಕಚೇರಿಯ ಮುಂದೆ, ಬೇವಿನ ಗಿಡದ ಕೆಳಗೆ ಕುಳಿತು, ಪರರ ಅರ್ಜಿಗಳನ್ನು ನಕಲು ಮಾಡುತ್ತಲೇ ನನ್ನ ಬರವಣಿಗೆ ಬಲಿತದ್ದು ನಿನಗೆ ತಿಳಿದೇ ಇದೆ. ಗೆಳೆಯನಿಗೆ ಬರೆಯುವಾಗಲೂ ಲೇಖನಿ ಅದೇ ನಡಿಗೆಯಲ್ಲಿ ನಡೆಯುತ್ತದೆ. ಅದಕ್ಕಾಗಿ ನನಗೆ ಸಂಕೋಚವಿಲ್ಲ. ಆ ನಡಿಗೆಯಲ್ಲಿ ಬರೆದ ಅರ್ಜಿ ತಿರಸ್ಕೃತವಾಗಿ ಮರಳಿ ಬಂದದ್ದು ಅಪರೂಪ. ಆದರೆ ಅರ್ಜಿ ಬರೆಯುವವನಿಗೆ ತನ್ನ ಬೇಡಿಕೆ ಏನೆಂಬುದಾದರೂ ಗೊತ್ತಿರಬೇಕು. ಈ ಸಲ ನಾನು ಏನನ್ನು ಬೇಡುತ್ತಿದ್ದೇನೆಂದು ನನಗೇ ಸ್ಪಷ್ಟವಿಲ್ಲ.

ನಿನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಅಣ್ಣಾ, ನೀ ಮುಂದ ಕುಂತಿದ್ದಿ ಅಂತ ಹಾಡು ಹಾಡಾತು ನೋಡು. ಬಿಳಿ ರುಮಾಲು ಕಂಡಕೂಡ್ಲೆ ಎದಿ ಹಗುರಾತು. ಬರೋಬ್ಬರ ಗೋಣು ಹಾಕಿದಿ. ಕಲಬುರಗಿ ಕಾರ್ಯಕ್ರಮಕ್ಕೂ ನೀ ಬರಬೇಕು, ಅದೇ ಸೋಫಾದಾಗ ಕುಂದ್ರಬೇಕು. ಇಲ್ಲಂದ್ರ ಅವರಿಗೆ ಈಗ ಹೇಳಿಬಿಡ್ತೀನಿ, ನಾ ಬರಂಗಿಲ್ಲ ಅಂತ."

ನಾನು "ಹೂಂ" ಎಂದೆ. ಆ ಹೂಂ ಎಂದಾಗಿನಿಂದ ಊಟ ಸೇರಿಲ್ಲ. ಬಾಷಾ, ಸೋಫಾದ ಮೇಲೆ ಕುಳಿತಿದ್ದವನು ನಾನಲ್ಲ.

ಓದುವ ಸಾಹೇಬರಿಗೆ ಗೊತ್ತಿರುವುದಾದರೂ ಹಿನ್ನೆಲೆಯನ್ನು ಬರೆಯಲೇಬೇಕೆಂಬುದು ಅರ್ಜಿಯ ನೇಮ. ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮಿಬ್ಬರ ಮೀಸೆ ಕಪ್ಪಗಿದ್ದ ಕಾಲದಿಂದ ಗೋಗಿಯ ಚಾವಡಿಯಲ್ಲಿ ನೀನು ಹಾಡಿದ್ದು ನನ್ನ ಮುಖವನ್ನು ನೋಡಿಕೊಂಡು. ಜಮಖಾನೆಯ ಮೇಲೆ ಮೊಳಕಾಲಿಗೆ ಮೊಳಕಾಲು ತಗಲುವಷ್ಟು ಹತ್ತಿರ ನೀನು ಏಕತಾರಿ ಹಿಡಿದು, ನಾನು ತಾಳ ಹಿಡಿದು ಕೂರುತ್ತಿದ್ದೆವು. ನಾನು ಕಣ್ಣು ಮುಚ್ಚಿದರೆ ನೀನು ಅದೇ ಸಾಲನ್ನು ಮರಳಿಸಬೇಕು. ಗೋಣು ಹಾಕಿದರೆ ಮುಂದಿನ ನುಡಿಗೆ ಹೋಗಬೇಕು. ಜನ ನಿನ್ನ ಕಂಠವನ್ನು ಹೊಗಳುವಾಗ ನೀನು ನನ್ನ ಕಡೆ ಬೆರಳು ತೋರಿಸಿ, "ಲಗಾಮು ಅಲ್ಲಿ ಅದ್ರಿ" ಎನ್ನುತ್ತಿದ್ದೆ. ಆ ಮಾತನ್ನು ನಾನು ನಂಬಿದ್ದೆ. ಅದೇ ನಂಬಿಕೆಯಲ್ಲಿ ಊರೊಳಗೆ ತಲೆಯೆತ್ತಿ ನಡೆದಿದ್ದೇನೆ.

ಯಾದಗಿರಿಯ ಸಂಗೀತ ಸಂಜೆಯವರು ನಿನ್ನೊಬ್ಬನನ್ನೇ ಕರೆದರು. ತಾಳಕ್ಕೆ ಅವರದೇ ಯಂತ್ರವಿತ್ತಂತೆ. ಆಗ ನೀನು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಚಹಾ ಆರಿಸಿಕೊಂಡು ಹೇಳಿದ್ದು ನೆನಪಿದೆಯೇ? "ಮ್ಯಾಲ ಬರಾಕ ಬಿಡವಲ್ರು, ಬಿಡು. ನೀ ಕೆಳಗ ಮುಂದಿನ ಸಾಲಿನಾಗ ಕುಂದ್ರು. ನಿನ್ನ ಮಾರಿ ಕಾಣ್ತಂದ್ರ ಹಾಡ್ತೀನಿ. ಇಲ್ಲಂದ್ರ ಅಷ್ಟು ಮಂದಿ ನಡುವ ನಾ ಸಂತ್ಯಾಗ ತಪ್ಪಿಸ್ಕೊಂಡ ಕುರಿ ಆಗ್ತೀನಿ." ಅದಕ್ಕಾಗಿಯೇ ನೀನು ಪಾಸು ಕೊಡಿಸಿದೆ. ಅದಕ್ಕಾಗಿಯೇ ನಾನು ರುಮಾಲನ್ನು ನೀಲಿ ಹಾಕಿಸಿ ಒಗೆಸಿ ಸುತ್ತಿಕೊಂಡು, ನಿನ್ನ ವೈನಿ, ನನ್ನ ಮನೆಯಾಕೆ ಮೌನಮ್ಮಳನ್ನೂ ಕರೆದುಕೊಂಡು ಬಂದೆ.

ಪಾಸಿನ ಮೇಲೆ "ಮುಂದಿನ ಸಾಲು" ಎಂದು ಅಚ್ಚಾಗಿತ್ತು. ಯಾವುದರ ಮುಂದೆ ಎಂಬುದನ್ನು ಅಚ್ಚು ಹಾಕಿಸಿದವರು ಯೋಚಿಸಿದಂತಿರಲಿಲ್ಲ. ವೇದಿಕೆಯ ಬುಡದಲ್ಲಿ ಗಣ್ಯರ ಸೋಫಾಗಳು. ಅವುಗಳ ಹಿಂದೆ ಬಿದಿರಿನ ಕಟಕಟೆ. ಅದರ ಹಿಂದೆ ಕ್ಯಾಮೆರಾದವರ ಅಟ್ಟ. ಅದರ ಹಿಂದೆ ಮತ್ತೊಂದು ಕಟಕಟೆ. ಪ್ರತಿಯೊಂದು ಕಟಕಟೆಯೊಳಗೂ ಒಂದೊಂದು ಮುಂದಿನ ಸಾಲಿತ್ತು. ಮೊದಲನೆಯ ಬಾಗಿಲಲ್ಲಿ ಪೊಲೀಸನು ಪಾಸನ್ನು ತಿರುಗಿಸಿ ಮುರುಗಿಸಿ ನೋಡಿ, "ಅಜ್ಜಾರ, ಪಾಸು ಖರೇ ಅದರಿ, ಕುರ್ಚಿ ಇಲ್ಲರಿ" ಎಂದನು. ಖರೆಯಾದ ಪಾಸಿಗೆ ಕುರ್ಚಿ ಏಕಿಲ್ಲವೆಂದು ಲಿಖಿತವಾಗಿ ತಿಳಿಸಬೇಕೆಂದು ಕೇಳಿದೆ. ಅವನು ನಕ್ಕು, ಎಡಗಡೆಗೆ ಕೈ ತೋರಿಸಿದನು. ಎಡಗಡೆಯವರು ಬಲಗಡೆಗೆ ತೋರಿಸಿದರು. ಕೊನೆಗೆ ನಮಗೆ ದೊರೆತದ್ದು ಕರಿಯ ಬಟ್ಟೆ ಸುತ್ತಿದ್ದ ಸ್ಪೀಕರ್ ಗೋಪುರದ ಬೆನ್ನಿಗೆ ಅಂಟಿಕೊಂಡಿದ್ದ ಎರಡು ಪ್ಲಾಸ್ಟಿಕ್ ಕುರ್ಚಿ.

ನೀನು ವೇದಿಕೆಗೆ ಬಂದೆಯೆಂಬುದು ಜನರ ಕೇಕೆಯಿಂದ ತಿಳಿಯಿತು. ನಾನು ಗೋಪುರದ ಬಲಕ್ಕೆ ಬಾಗಿದೆ. ನಿನ್ನ ಒಂದು ಕೈ ಮತ್ತು ಏಕತಾರಿಯ ತುದಿ ಕಂಡವು. ಮೌನಮ್ಮ ಎಡಕ್ಕೆ ಬಾಗಿದಳು. "ನನಗ ಬಾಷಾನ ಕಾಲು ಕಾಣಾಕತ್ತಾವ ನೋಡ್ರಿ. ನಿಮಗೇನು ಕಾಣ್ತದ?" ಎಂದಳು. ಕೈ ಎಂದೆ. "ಹಂಗಾದ್ರ ಇಬ್ಬರದೂ ಕೂಡಿ ಅರ್ಧ ಮನಷ್ಯಾ ಆದ. ಮಾರಿ ಯಾರಿಗೆ ಸಿಕ್ಕದೋ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನೀನು ಸಾಲುಸಾಲಾಗಿ ನನ್ನನ್ನು ಹುಡುಕುತ್ತಿರುವೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ರುಮಾಲನ್ನು ಬಿಚ್ಚಿ, ಕುರ್ಚಿಯ ಮೇಲೆ ಹತ್ತಿ ನಿಂತು ಬೀಸಿದೆ. ಈ ವಯಸ್ಸಿನಲ್ಲಿ! ಹಿಂದಿನಿಂದ, "ಏ ಮುತ್ಯಾ, ಕುಂದ್ರೋ! ನೀ ಗಾಳಿಪಟ ಹಾರ್ಸಾಕ ಬಂದೀಯೇನು?" ಎಂದು ಕೂಗಿದರು. ಮೌನಮ್ಮ ಧೋತರದ ಚುಂಗು ಹಿಡಿದು ಎಳೆದಳು. ಕುಳಿತೆ.

ಆಗ ಬದಿಯ ದೊಡ್ಡ ಪರದೆಯ ಮೇಲೆ ನಿನ್ನ ಮುಖ ಬಂತು. ಹೆದರಿದ ಮುಖ. ಬೆಳಕಿಗೆ ಕಣ್ಣು ಕಿರಿದು ಮಾಡಿ ಆ ಕಡೆ ಈ ಕಡೆ ನೋಡುತ್ತಿದ್ದವನು ಒಂದೆಡೆ ದೃಷ್ಟಿ ನಿಲ್ಲಿಸಿದೆ, ಸಣ್ಣಗೆ ನಕ್ಕೆ, ಹಾಡು ಎತ್ತಿಕೊಂಡೆ. ಕ್ಯಾಮೆರಾದವನೂ ನೀನು ನೋಡುತ್ತಿದ್ದ ಕಡೆಗೇ ತಿರುಗಿಸಿದನು. ಸೋಫಾದ ಮೇಲೆ ಒಬ್ಬ ಹಿರಿಯರು. ನನ್ನಂತೆಯೇ ಬಿಳಿ ರುಮಾಲು, ಕನ್ನಡಕ, ಕೊರಳಲ್ಲಿ ಸನ್ಮಾನದ ಹಾರ. ಅವರ ಕಣ್ಣು ಮುಚ್ಚಿದ್ದವು. ಗೋಣು ಮೆಲ್ಲನೆ ಎದೆಗಿಳಿದು, ತಟ್ಟನೆ ಮೇಲೆದ್ದು, ಮತ್ತೆ ಇಳಿಯುತ್ತಿತ್ತು.

"ಅಗದಿ ನಿಮ್ಮಂಗೇ ಕಾಣ್ತಾರಲ್ರಿ," ಎಂದಳು ಮೌನಮ್ಮ. "ಫರಕ್ ಇಷ್ಟ, ಅವರು ನಿದ್ದಿ ಹೊಡ್ಯಾಕತ್ಯಾರ."

ಈಗ ನನ್ನ ಗೊಂದಲವನ್ನು ನಿವೇದಿಸುತ್ತೇನೆ, ದಯವಿಟ್ಟು ಪರಾಂಬರಿಸು. ನೀನು ಅಂದು ಹಾಡಿದಂತೆ ಎಂದೂ ಹಾಡಿಲ್ಲ. ಮೂರನೆಯ ನುಡಿಯಲ್ಲಿ ನೀನು ಯಾವಾಗಲೂ ಅವಸರ ಮಾಡುವ ಜಾಗವಿದೆಯಲ್ಲ, ಅಲ್ಲಿ ನಾನು ರೂಢಿಯಂತೆ ಗೋಪುರದ ಹಿಂದೆ ಕಣ್ಣು ಮುಚ್ಚಿದೆ. ನೀನು ಸಾಲನ್ನು ಮರಳಿಸಿದೆ. ನಾನು ಗೋಣು ಹಾಕಿದೆ; ನೀನು ಮುಂದೆ ಹೋದೆ. ಒಂದು ಕ್ಷಣ ನನಗೆ ಮೈ ಜುಮ್ಮೆಂದಿತು, ಗೋಪುರದ ಕಬ್ಬಿಣದ ಆಚೆಯಿಂದಲೂ ಇವನು ನನ್ನನ್ನು ಕಾಣುತ್ತಿದ್ದಾನೆಂದು. ಹಾಗೆಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ನೀನು ನೋಡುತ್ತಿದ್ದುದು ಆ ಹಿರಿಯರನ್ನು. ಅವರನ್ನು ಅನುಸರಿಸಿದ್ದರೆ, ಮುಚ್ಚಿದ ಆ ಕಣ್ಣುಗಳಿಗೆ ನೀನು ಮೊದಲ ಸಾಲನ್ನೇ ಮರಳಿಸುತ್ತ ಉಳಿಯಬೇಕಿತ್ತು. ಉಳಿಯಲಿಲ್ಲ. ಬೆಳಕಿನ ಝಳದಲ್ಲಿ ನಿನಗೆ ಅವರ ಕಣ್ಣು ಕಂಡಿರಲಾರವು, ತೂಗುವ ರುಮಾಲಷ್ಟೇ ಕಂಡಿರಬೇಕು. ಹಾಗಿದ್ದರೆ ನಿನಗೆ ಸಾಲು ಮರಳಿಸಲು ಹೇಳಿದವರು ಯಾರು?

ಅಲ್ಲಿಂದ ಮುಂದಕ್ಕೆ ಯೋಚನೆ ಬೇರೆ ದಾರಿ ಹಿಡಿದಿದೆ. ಚಾವಡಿಯಲ್ಲಿ ನಾನು ಗೋಣು ಹಾಕಿದ್ದರಿಂದ ನೀನು ಮುಂದೆ ಹೋಗುತ್ತಿದ್ದೆಯೋ, ನೀನು ಹೊರಟದ್ದನ್ನು ನಿನ್ನ ಉಸಿರಿನಲ್ಲೇ ಅರಿತು ನಾನು ಗೋಣು ಹಾಕುತ್ತಿದ್ದೆನೋ? ಲಗಾಮು ಯಾರ ಕೈಯಲ್ಲಿತ್ತು? ಮೌನಮ್ಮಳನ್ನು ಕೇಳಿದೆ. "ಕುದರಿ ಊರು ಮುಟ್ಟೇದೋ ಇಲ್ಲೋ? ಮುಟ್ಯದ. ಸುಮ್ಮ ಉಣ್ರಿ" ಎಂದಳು. ಅದು ಉತ್ತರವೇ ಎಂದು ನಿರ್ಧರಿಸಲೂ ನನ್ನಿಂದ ಆಗಿಲ್ಲ.

ನಿಜವನ್ನು ತಿಳಿಸಿದರೆ ನೀನು ಎದೆಗುಂದಿ ಕಲಬುರಗಿಗೆ ಒಲ್ಲೆ ಎನ್ನಬಹುದು. ತಿಳಿಸದಿದ್ದರೆ, ಇನ್ನೊಬ್ಬರ ತೂಕಡಿಕೆಯ ಮೇಲೆ ನನ್ನ ಹೆಸರು ಬರೆದುಕೊಂಡು ಬದುಕಬೇಕು. ಅದು ನನ್ನಂಥವನಿಗೆ ಸಲ್ಲದು. ಆದ್ದರಿಂದ ತಿಳಿಸಿದ್ದೇನೆ. ನನ್ನನ್ನು ಕಾಣದೆಯೇ ನೀನು ಹಾಡಿರುವೆ, ಬಾಷಾ. ಇದಕ್ಕೆ ನಾನು ಸಾಕ್ಷಿ. ಕಲಬುರಗಿಗೆ ಹೋಗು.

ನನ್ನನ್ನು ಕರೆಯಬೇಡವೆಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಬರುತ್ತೇನೆ. ಸೋಫಾಕ್ಕಾಗಿ ಯಾರನ್ನೂ ಬೇಡಬೇಡ. ಯಾವ ಕಟಕಟೆಯೊಳಗೆ ಹಾಕಿದರೂ ಕೂರುತ್ತೇನೆ. ನನ್ನನ್ನು ಹುಡುಕದೆ ಹಾಡು. ಏಕೆಂದರೆ ಇನ್ನೊಂದು ಮಾತಿದೆ, ಅದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಕೊನೆಗೆ ಉಳಿಸಿಕೊಂಡೆ. ಇಷ್ಟು ವರ್ಷ ನಿನ್ನ ಎದುರಿಗೆ ಕುಳಿತು ನಾನು ತಾಳ ಎಣಿಸಿದೆ, ನುಡಿ ಕಾಯ್ದೆ, ನಿನ್ನ ತಪ್ಪುಗಳಿಗೆ ಕಾವಲು ಕೂತೆ. ಕೈಯಲ್ಲಿ ಏನೂ ಇಲ್ಲದೆ, ಎದುರಿಗೆ ಕರಿಯ ಬಟ್ಟೆಯೊಂದನ್ನು ಬಿಟ್ಟು ಏನೂ ಇಲ್ಲದೆ, ನಿನ್ನ ಹಾಡನ್ನು ನಾನು ಕೇಳಿದ್ದು ಯಾದಗಿರಿಯಲ್ಲೇ ಮೊದಲು.

ನಿನ್ನ ಕಂಠವನ್ನು ಮೇಲಿನವನು ತಂಪಾಗಿಡಲಿ. ಸಾವಿರ ಮುಖಗಳ ಮುಂದೆಯೂ ನಿನ್ನ ಉಸಿರು ನಡುಗದಿರಲಿ.

ಎಂದು ಹಾರೈಸುವ, ಮೇಲಿನ ಸಂಗತಿಗಳೆಲ್ಲವೂ ನಾನು ಕಂಡಷ್ಟರ ಮಟ್ಟಿಗೆ ಸತ್ಯವೆಂದು ಒಪ್ಪಿ ಸಹಿ ಮಾಡಿದ,

ನಿನ್ನ ಅಣ್ಣ,
ಅಮರಪ್ಪ
ಗೋಗಿ