ಬೆರಳಿಗೆ ಬಿದ್ದ ಏಟು

ಸಿದ್ಧಾರ್ಥನಗರ, ಮೈಸೂರು
೧೬ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಶುಭಾ,

ಹೇಗಿದ್ದೀಯ? ನಿನ್ನ ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಚಳಿ ಶುರುವಾಯಿತಾ? ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೈಯಬೇಕು ಅಂತಿದ್ದರೆ ಈಗಲೇ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ಪರೀಕ್ಷೆ, ದಸರಾ ರಜೆ, ದೀಪಾವಳಿ ಅಂತ ನೆಪಗಳಿಗೇನೂ ಕಡಿಮೆ ಇಲ್ಲ. ಆದರೆ ಕುರುಡು ಮಕ್ಕಳ ಹಾಸ್ಟೆಲಿನಲ್ಲಿ ಏಳು ವರ್ಷ ಪಕ್ಕದ ಮಂಚದಲ್ಲಿ ಮಲಗಿದವಳಿಗೆ ನೆಪ ಹೇಳಿದರೆ ನಡೆಯುತ್ತದೆಯೇ?

ನಾನು ಚೆನ್ನಾಗಿದ್ದೇನೆ. ಬರುವ ಫೆಬ್ರವರಿಗೆ ಅವ್ವ ಹೋಗಿ ಎರಡು ವರ್ಷ. ಸಂಜೆ ಬಂದು ಬೀಗ ತೆಗೆದ ಮೇಲೆ ಇವತ್ತಿಗೂ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ, ಒಳಗಿನಿಂದ "ಬಂದ್ಯಾ?" ಅನ್ನುತ್ತಾಳೇನೋ ಅಂತ. ಕೆಳಗಿನ ಮನೆಯಲ್ಲಿ ಓನರ್ ಗೋವಿಂದರಾಜು ಟಿವಿ ಜೋರಾಗಿ ಇಡುತ್ತಾರೆ. ಮೊದಲು ಕಿರಿಕಿರಿ ಆಗುತ್ತಿತ್ತು. ಈಗ ಏಳು ಗಂಟೆಯ ಧಾರಾವಾಹಿಯಲ್ಲಿ ಯಾರ್ಯಾರು ಯಾರಿಗೆ ಏನಾಗಬೇಕು ಅಂತ ನನಗೆ ಬಾಯಿಪಾಠ. ಅವರು ಮಗಳ ಮನೆಗೆ ಹೋಗಿದ್ದ ವಾರ, ಆ ಸೊಸೆ ಮನೆ ಬಿಟ್ಟು ಹೋದಳೋ ಇಲ್ಲವೋ ತಿಳಿಯದೆ ಒದ್ದಾಡಿಬಿಟ್ಟೆ. ನಗಬೇಡ.

ಶಾಲೆಯ ವಿಷಯ ಹೇಳುತ್ತೇನೆ. ನನ್ನ ಬ್ರೈಲ್ ತರಗತಿಗೆ ಈಗ ಹನ್ನೊಂದೇ ಹುಡುಗಿಯರು. ಹೆಡ್‌ಮಾಸ್ಟರ್ ರುದ್ರಸ್ವಾಮಿ ಕಣ್ಣು ಕಾಣುವವರು, ಒಳ್ಳೆಯವರೇ. ಆದರೆ ವಾರಕ್ಕೊಂದು ಸಲ ಬಂದು, "ಸೌಮ್ಯಾ ಮೇಡಂ, ಈಗ ಫೋನೇ ಎಲ್ಲಾ ಓದಿ ಹೇಳುತ್ತೆ. ನಿಮ್ಮ ಬ್ರೈಲ್ ಪುಸ್ತಕಗಳು ಒಂದು ರೂಮನ್ನೇ ನುಂಗಿಬಿಟ್ಟಿವೆ," ಅನ್ನುತ್ತಾರೆ. "ಫೋನು ಓದುತ್ತೆ ಸರ್, ಮಕ್ಕಳು ಕೇಳ್ತಾರೆ ಅಷ್ಟೆ. ಕೇಳಿದವರಿಗೆ ಒತ್ತಕ್ಷರ ಎಲ್ಲಿ ಬರುತ್ತೆ ಅಂತ ಹೇಗೆ ಗೊತ್ತಾಗಬೇಕು?" ಅಂತ ನಾನು. ಇಬ್ಬರೂ ಇದನ್ನೇ ಎಷ್ಟು ಸಲ ಹೇಳಿದ್ದೇವೋ.

ಜೂನಿನಲ್ಲಿ ಲಾಸ್ಯ ಅಂತ ಒಬ್ಬಳು ಸೇರಿದಳು. ಹದಿಮೂರು ವರ್ಷ. ಅಪ್ಪ ಸಿದ್ದೇಶ್‌ಗೆ ಉದಯಗಿರಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು. ಹಗಲಿನಲ್ಲಿ ಅವಳಿಗೆ ನೇರ ಎದುರಿಗಿರುವುದು ಮಾತ್ರ ಕಾಣುತ್ತದಂತೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೊತ್ತು ಮುಳುಗಿದರೆ ಏನೂ ಇಲ್ಲ. ಇನ್ನು ಮೂರೋ ನಾಲ್ಕೋ ವರ್ಷ ಅಂತ ಡಾಕ್ಟರು ಹೇಳಿದ್ದಾರೆ. ಸಿದ್ದೇಶ್ ಮೊದಲ ದಿನವೇ ಹೇಳಿದರು: "ಮೇಡಂ, ಆ ಚುಕ್ಕಿ ಓದ್ಸೋದೆಲ್ಲ ಬೇಡ. ನಮ್ಮುಡುಗೀಗೆ ಇನ್ನೂ ಕಾಣ್ತದೆ. ಕಂಪ್ಯೂಟರ್ ಕಲಿಸ್ಬುಡಿ, ಸಾಕು."

"ಕಾಣುವಾಗಲೇ ಕಲಿತುಬಿಟ್ಟರೆ ಸುಲಭ ಸಿದ್ದೇಶ್ ಅವರೇ," ಅಂದೆ.

"ನೋಡನ," ಅಂದು ಹೊರಟರು. ಐದು ಸಲ ಕಿಕ್ ಹೊಡೆದ ಮೇಲೆ ಅವರ ಗಾಡಿ ಸ್ಟಾರ್ಟ್ ಆಯಿತು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವರ ಗಾಡಿ!

ಹಟ ಮಾಡಿ ಅವಳನ್ನು ನನ್ನ ತರಗತಿಗೆ ಹಾಕಿಸಿಕೊಂಡೆ. ಎರಡು ತಿಂಗಳಲ್ಲಿ ಹುಡುಗಿ ಎಲ್ಲರನ್ನೂ ಹಿಂದೆ ಹಾಕಿದಳು ಕಣೇ. ಉಳಿದವರು ಒಂದು ಸಾಲು ಮುಗಿಸುವಷ್ಟರಲ್ಲಿ ಇವಳದು ಅರ್ಧ ಪುಟ. ರುದ್ರಸ್ವಾಮಿ ಅವರ ಕೋಣೆಗೇ ಹೋಗಿ ಜಂಬ ಕೊಚ್ಚಿಕೊಂಡು ಬಂದೆ. ಅದಾಗಿ ಒಂದು ವಾರಕ್ಕೆ, ಅರೆಬರೆ ಕಾಣುವ ತನ್ಮಯಿ ಅನ್ನುವ ಹುಡುಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು. "ಮಿಸ್, ಲಾಸ್ಯ ಬೆರಳಲ್ಲಿ ಓದ್ತಿಲ್ಲ. ಚುಕ್ಕೀನ ನೋಡ್ಕೊಂಡು ಓದ್ತಾಳೆ."

ನನಗೆ ಗೊತ್ತಾಗುವುದಾದರೂ ಹೇಗೆ? ಮೊದಲು ನಗು ಬಂತು. ಮಾರನೇ ದಿನ ಒಂದು ಟವೆಲ್ ತಂದು ಅವಳ ಕೈ ಮೇಲೆ, ಪುಸ್ತಕದ ಮೇಲೆ ಹೊದಿಸಿದೆ. "ಈಗ ಓದು." ಒಂದು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡನೇ ದಿನ ಅತ್ತಳು. ಮೂರನೇ ದಿನ, ಗಣಪತಿ ಹಬ್ಬದ ಮುಂದಿನ ಗುರುವಾರ, ಟವೆಲ್ ಕಿತ್ತು ಬಿಸಾಕಿ ಕಿರುಚಿದಳು. "ನಂಗೆ ಕಾಣುತ್ತೆ ಮಿಸ್! ನಾನ್ಯಾಕೆ ಕುರುಡ್ರ ಥರ ತಡಕಾಡ್ಬೇಕು?"

ಬ್ರೈಲ್ ತರಗತಿಯಲ್ಲಿ ಬೆರಳುಗಳು ಕಾಗದದ ಮೇಲೆ ಓಡುವ ಸದ್ದು ಇರುತ್ತದಲ್ಲ, ಅದು ಒಟ್ಟಿಗೆ ನಿಂತುಹೋಯಿತು. ಕೈಯಲ್ಲಿ ಬ್ರೈಲ್ ಚುಕ್ಕಿ ಒತ್ತುವ ಲೋಹದ ಸ್ಲೇಟಿತ್ತು. ಅದರಲ್ಲೇ ಹೊಡೆದುಬಿಟ್ಟೆ ಶುಭಾ. ಏಟು ಅವಳ ಬೆರಳುಗಳ ಮೇಲೆ ಬಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಒಂದು ಮಗುವಿನ ಮೇಲೂ ಕೈ ಎತ್ತಿದವಳಲ್ಲ ನಾನು. ಅವಳು ಅಳಲಿಲ್ಲ. "ಸಾರಿ ಮಿಸ್," ಅಂದಳು. ಅತ್ತಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಸಿದ್ದೇಶ್ ಒಬ್ಬರೇ ಬಂದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಮೆಲ್ಲಗೆ ಕೇಳಿದರು: "ಓದೋ ಬೆರಳಿಗೇ ಹೊಡೀತಾರಾ ಮೇಡಂ ಯಾರಾದ್ರೂ?" ರುದ್ರಸ್ವಾಮಿ ಅವರ ಎದುರಿಗೇ ಕ್ಷಮೆ ಕೇಳಿದೆ. ಸಿದ್ದೇಶ್ ಹೋದ ಮೇಲೆ ಸರ್, "ಆ ಹುಡುಗಿಗೆ ಇನ್ನು ಬ್ರೈಲ್ ಬೇಡ ಮೇಡಂ, ಬಿಟ್ಟುಬಿಡಿ," ಅಂದರು. ಬಿಡುವುದಕ್ಕೆ ಅವಳು ಬಂದರೆ ತಾನೆ? ಶಾಲೆಯನ್ನೇ ಬಿಟ್ಟಳು.

ಅಷ್ಟರಲ್ಲಿ ದಸರಾ ಆನೆಗಳಿಗೆ ಸದ್ದು ಅಭ್ಯಾಸ ಮಾಡಿಸಲು ತೋಪು ಹಾರಿಸುವುದು ಶುರುವಾಯಿತು. ಹುಡುಗಿಯರು ಪಾಠ ಬಿಟ್ಟು ಒಂದು, ಎರಡು, ಮೂರು ಅಂತ ಎಣಿಸುವುದು. ನಾನೂ ಸುಮ್ಮನೆ ಎಣಿಸುತ್ತಾ ಕೂತಿರುತ್ತಿದ್ದೆ. ಲಾಸ್ಯಳ ಬೆಂಚಿನ ಕಡೆಯಿಂದ ಮಾತ್ರ ಏನೂ ಕೇಳಿಸುತ್ತಿರಲಿಲ್ಲ. ಮನೆಯಲ್ಲೂ ಹಾಗೇ. ಯಾರ ಹತ್ತಿರ ಹೇಳಿಕೊಳ್ಳಲಿ? ಗೋವಿಂದರಾಜು ಅವರ ಹೆಂಡತಿ ಒಂದಿನ ಮೆಟ್ಟಿಲ ಹತ್ತಿರ, "ಏನ್ ಮೇಡಂ, ಸಪ್ಪಗಿದ್ದೀರಾ?" ಅಂದರು. "ಏನಿಲ್ಲ, ನೆಗಡಿ," ಅಂದೆ. ಕಷಾಯ ಮಾಡಿ ತಂದುಕೊಟ್ಟರು. ಇಲ್ಲದ ನೆಗಡಿಗೆ ಕಷಾಯ ಕುಡಿದು ಮಲಗಿದೆ.

ಎರಡು ವಾರ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಆಟೋ ಹಿಡಿದು ಉದಯಗಿರಿಗೆ ಹೋದೆ. ಪೆಟ್ರೋಲು, ಗ್ರೀಸಿನ ವಾಸನೆ ಬಂದಾಗ ಆಟೋದವನು ಇದೇ ಅಂದ. ಒಳಗೆ ಕುಟ್ಟುತ್ತಿದ್ದ ಸದ್ದು ನಿಂತಿತು. "ಬನ್ನಿ ಮೇಡಂ. ಇತ್ಲಾಗೆ, ಟೈರ್ ಅವೆ, ನೋಡ್ಕಂಡು," ಅಂದರು ಸಿದ್ದೇಶ್. ನನಗೆ ಕಾಣದು ಅನ್ನುವುದು ನೆನಪಾಗಿ ಅವರೇ ಗಡಬಡಿಸಿ ಟೈರುಗಳನ್ನು ಉರುಳಿಸಿ ದಾರಿ ಮಾಡಿದರು, ಸ್ಟೂಲು ಹಾಕಿದರು.

"ಲಾಸ್ಯಳ ಹತ್ತಿರ ಕ್ಷಮೆ ಕೇಳಬೇಕಿತ್ತು," ಅಂದೆ.

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಇದ್ದರು. ತುಂಬ ಹೊತ್ತು ಒರೆಸಿಕೊಂಡರು. "ಮೇಡಂ, ತಪ್ಪು ತಿಳ್ಕೋಬೇಡಿ. ಅವ್ಳು ಆ ಚುಕ್ಕಿ ಕಲ್ತುಬುಟ್ರೆ ಕಣ್ಣು ಹೊಂಟೇ ಹೋಯ್ತದೆ ಅನ್ನುಸ್ತದೆ ನಂಗೆ. ಬೇಡ ಅಂದ್ರೆ ಇನ್ನೊಂದಷ್ಟು ದಿನ ಇದ್ದಾತು ಅಂತ. ಎಂಗೆ ಹೇಳ್ಲಿ?" ಅವ್ವ ಕೂಡ ನನಗೆ ಹತ್ತು ವರ್ಷ ಆಗುವವರೆಗೆ ಬಿಳಿ ಕೋಲು ಹಿಡಿಯಲು ಬಿಟ್ಟವಳಲ್ಲ.

ಲಾಸ್ಯ ಬಂದು ನನ್ನ ಪಕ್ಕ ನಿಂತಳು. ಹೊಡೆದದ್ದು ನನ್ನ ತಪ್ಪು ಅಂದೆ. ಅವಳು, "ಮಿಸ್, ಕತ್ತಲೆ ಅಂದ್ರೆ ನಿಮಗೆ ಭಯ ಆಗಲ್ವಾ?" ಅಂತ ಕೇಳಿದಳು.

"ನನಗೆ ಕತ್ತಲೆ ಗೊತ್ತಿಲ್ಲ ಮಗಾ. ಹುಟ್ಟಿದಾಗಿಂದ ಹೀಗೇ."

"ಹಂಗಾದ್ರೆ ನಂಗೆ ಹೆಂಗಾಗುತ್ತೆ ಅಂತ ನಿಮಗೂ ಗೊತ್ತಿಲ್ಲ."

"ಇಲ್ಲ," ಅಂದೆ. "ನನಗೂ ಗೊತ್ತಿಲ್ಲ."

ಧೈರ್ಯ ಹೇಳುವ ನಾಲ್ಕು ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಆಮೇಲೆ ಅವಳೇ ನನ್ನ ಕೈ ಹಿಡಿದು ಆಟೋವರೆಗೆ ಬಂದಳು.

ದಸರಾ ರಜೆ ಮುಗಿದ ದಿನ ಶಾಲೆಗೆ ಬಂದಳು. ಮನೆಯಿಂದ ತಾನೇ ಒಂದು ಟವೆಲ್ ತಂದಿದ್ದಳು. ಈಗ ಪೀರಿಯಡ್ಡಿಗೆ ಅರ್ಧ ಪುಟ ಓದುತ್ತಾಳೆ, ಬೆರಳಿನಲ್ಲಿ. ತಪ್ಪು ಓದಿದಾಗ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ. ರುದ್ರಸ್ವಾಮಿ ಒಂದಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದರಂತೆ. ರೂಮಿನ ಸುದ್ದಿ ಸದ್ಯಕ್ಕೆ ಎತ್ತಿಲ್ಲ.

ಇಷ್ಟೇ ಇಲ್ಲಿನ ಸಮಾಚಾರ. ನಿನ್ನ ಮಗ ಸುಪ್ರೀತ್‌ಗೆ ನನ್ನ ಆಶೀರ್ವಾದ. ಅವನು ಒಳ್ಳೆ ಬುದ್ಧಿಯಿಂದ, ನೂರು ಕಾಲ ಚೆನ್ನಾಗಿರಲಿ. ನೀನು ಬಿಸಿನೀರಿನಲ್ಲಿ ಮಂಡಿಗೆ ಶಾಖ ಕೊಡುವುದನ್ನು ಮರೆಯಬೇಡ. ನಿನ್ನನ್ನು ಆ ಚಾಮುಂಡಿ ತಾಯಿ ಕಾಯಲಿ.

ನಿನ್ನ
ಸೌಮ್ಯ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಹಾಳೆ ಮಡಿಚಿ ಕವರಿಗೆ ಹಾಕಿ ಮತ್ತೆ ತೆಗೆದೆ.

ಅವತ್ತು ಲಾಸ್ಯಳ ಮಾತಿಗೆ ನಾನು ಹೊಡೆದದ್ದಲ್ಲ ಶುಭಾ. ಆ ಬೆಳಿಗ್ಗೆ ಶಾಲೆಯ ವಿಳಾಸಕ್ಕೆ ನಿನ್ನ ಪತ್ರ ಬಂದಿತ್ತು. ಹನ್ನೆರಡು ಹಾಳೆ. ಬಿಡುವಿನ ಪೀರಿಯಡ್ಡಿನಲ್ಲಿ ಬಿಚ್ಚಿದೆ. ಒಂದು ಸಾಲೂ ಓದಲು ಆಗಲಿಲ್ಲ. ನನ್ನ ಶುಗರ್ ನರಕ್ಕೆ ಇಳಿದಿದೆಯಂತೆ. ಹೋದ ವರ್ಷ ಪಾದದಲ್ಲಿ ಶುರುವಾದ ಜೋಮು ಈ ವರ್ಷ ಬೆರಳ ತುದಿಗೆ ಬಂತು. ಚುಕ್ಕಿಗಳೆಲ್ಲ ಮರಳು ಮುಟ್ಟಿದ ಹಾಗೆ. ಪಾಠದ ಪುಸ್ತಕ ಬಾಯಿಪಾಠ ಇರುವುದರಿಂದ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಳೆಯ ಮೇಲೆ ಸುಮ್ಮನೆ ಕೈಯಾಡಿಸುತ್ತೇನೆ. ಅದೇ ಬೆಳಿಗ್ಗೆ, ಚುಕ್ಕಿ ತಿಳಿಯುವ ಬೆರಳಿದ್ದ ಹುಡುಗಿ ಬೇಡ ಅಂದಳು.

ಆ ಭಾನುವಾರ ನೀನು ಫೋನ್ ಮಾಡಿ, "ಪತ್ರ ಓದಿದೆಯಾ?" ಅಂತ ಕೇಳಿದೆ. "ಓದಿದೆ ಕಣೇ," ಅಂದೆ. "ಏನನ್ನಿಸ್ತು?" ಅಂದೆ ನೀನು. ನಿನ್ನ ಹಿಂದೆ ಪಾತ್ರೆ ಸದ್ದು, ಜನ. "ಎಲ್ಲಾ ಸರಿಹೋಗುತ್ತೆ ಬಿಡು," ಅಂದುಬಿಟ್ಟೆ. ನೀನು "ಸರಿ ಸೌಮ್ಯಾ," ಅಂತ ಇಟ್ಟೆ. ಅವತ್ತಿನಿಂದ ನೀನು ಮಾಡಿಲ್ಲ, ನಾನೂ ಮಾಡಿಲ್ಲ.

ಹೋದ ವಾರ ತಡೆಯಲಾರದೆ ಲಾಸ್ಯಳ ಕೈಗೆ ಮೊದಲ ಹಾಳೆ ಕೊಟ್ಟೆ, ಅಭ್ಯಾಸಕ್ಕೆ ಅಂತ ಸುಳ್ಳು ಹೇಳಿ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಸೌಮ್ಯಾ, ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ." ಹಾಳೆ ಕಿತ್ತುಕೊಂಡುಬಿಟ್ಟೆ. ಅಲ್ಲಿಂದ ಮುಂದೆ ಏನಿದೆಯೋ ನನಗೆ ಗೊತ್ತಿಲ್ಲ. ನಿನಗೆ ಏನಾಯಿತು ಶುಭಾ?

ಡಿಸೆಂಬರ್ ಏಳನೇ ತಾರೀಖು ಶನಿವಾರ ರೈಲು ಹತ್ತುತ್ತೇನೆ. ಹನ್ನೆರಡು ಹಾಳೆಯನ್ನೂ ತರುತ್ತೇನೆ. ಬಾಗಿಲು ಹಾಕಿಕೊಂಡು ನೀನೇ ನನಗೆ ಓದಿ ಹೇಳು. ಕೋಪವಿದ್ದರೆ, ಬರುವುದೇ ಬೇಡ ಅನ್ನಿಸಿದರೆ, ಫೋನ್ ಮಾಡಿ ಹೇಳು. ಬರೆಯಬೇಡ.