ರೇಡಿಯೊದಲ್ಲಿ ಹೇಳದ ಹೆಸರು

ಮತೊಂಗೆ, ಕಿನ್ಶಾಸಾ

ಲುಝೊಲೊ ಚಿಕ್ಕಮ್ಮನಿಗೆ,

ನೀವು ಬಸ್ಸಿನಲ್ಲಿ ಕಳಿಸಿದ ಬೇಸ್ ಗಿಟಾರಿನ ತಂತಿಗಳು ಸೋಮವಾರ ತಲುಪಿದವು. ಇನ್ನು ಮೇಲೆ ಕಳಿಸಬೇಡಿ, ಇಲ್ಲೇ ಸಿಗುತ್ತವೆ.

ಭಾನುವಾರ ರೇಡಿಯೊದಲ್ಲಿ ನಾವು ಬೇಸ್ ನುಡಿಸುವವರೆಲ್ಲ ಕೂತು ಮಾತಾಡಿದ್ದನ್ನು ಕೇಳಿದಿರಂತೆ. 'ನಿಂಗೆ ಯಾರಪ್ಪ ಕಲಿಸಿದ್ದು?' ಅಂತ ಕಾರ್ಯಕ್ರಮ ನಡೆಸುವವನು ಕೇಳಿದಾಗ ಒಬ್ಬ ಪ್ಯಾರಿಸ್‌ನಲ್ಲಿ ಕಲಿತೆ ಅಂದ, ಇನ್ನೊಬ್ಬ ಅಮೆರಿಕದ ರೆಕಾರ್ಡ್ ಅಂದ. ನಾನೂ ರೆಕಾರ್ಡ್ ಕೇಳಿಯೇ ಕಲಿತೆ ಅಂದುಬಿಟ್ಟೆ. ಚರ್ಚಿನಲ್ಲಿ ಚಿಕ್ಕಮ್ಮನ ಪಕ್ಕ ಕೂತು, ಸೈಕಲ್ ಬ್ರೇಕಿನ ತಂತಿ ಕಟ್ಟಿದ ಗಿಟಾರಿನಲ್ಲಿ ಕಲಿತೆ ಅಂದರೆ ನಗುತ್ತಾರೆ ಅನ್ನಿಸಿತು.

ನಮ್ಮ ತಂಡದ ಗಾಯಕ, ಕಾಸು ಕೊಟ್ಟ ಬಟ್ಟೆ ವ್ಯಾಪಾರಿಯ ಹೆಸರನ್ನು ಪ್ರತಿ ಹಾಡಿನ ನಡುವೆಯೂ ಕೂಗುತ್ತಾನೆ. ಇನ್ನು ಮುಂದೆ ನಿಮ್ಮ ಹೆಸರನ್ನೂ ಕೂಗು ಅಂದೆ.

'ಯಾರೋ ಅದು, ನಿನ್ ಹುಡುಗೀನಾ?' ಅಂದ.

ನಂಗೆ ಬೇಸ್ ಕಲಿಸಿದವರು ಅಂದೆ. ಅವನು ನಗಲಿಲ್ಲ.

ಆ ಭಾನುವಾರ ರೇಡಿಯೊ ಕೇಳೋಕೆ ನೀವು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿ, ಮೀನು ಕರಿದಿಟ್ಟಿದ್ದಿರಂತೆ. ಕಾರ್ಯಕ್ರಮ ಮುಗಿದ ಮೇಲೆ, 'ಪಾಪ, ಗಾಬರೀಲಿ ನನ್ನ ಹೆಸರು ಮರೆತಿರ್ತಾನೆ, ನೀವು ಊಟ ಮಾಡಿ' ಅಂದಿರಂತೆ. ನನ್ನ ತಮ್ಮ ಫೋನಿನಲ್ಲಿ ಹೇಳಿದ.

ನಾನು ಮರೆತಿರಲಿಲ್ಲ ಚಿಕ್ಕಮ್ಮ.

ನಿಮ್ಮ,
ಮಾಕಿಯೆಸೆ